ಮತ್ಕುಣ ಚರಿತ್ರೆ

ರಾಜರ ಚರಿತ್ರೆಯನ್ನು ಬರೆದವರಿದ್ದಾರೆ, ಊರುಗಳ ಚರಿತ್ರೆಯನ್ನು ಬರೆದವರಿದ್ದಾರೆ. ರಾಜನ ಮಂಚದಲ್ಲಿಯೂ ಆಳಿನ ಚಾಪೆಯಲ್ಲಿಯೂ ಭೇದವೆಣಿಸದೆ ವಾಸಿಸಿ, ಇಬ್ಬರ ರಕ್ತವನ್ನೂ ಒಂದೇ ರುಚಿಯಿಂದ ಸವಿದ ತಿಗಣೆಯ ಚರಿತ್ರೆಗೆ ಮಾತ್ರ ನಮ್ಮವರು ಅಷ್ಟಾಗಿ ಕೈ ಹಾಕಿಲ್ಲ. ವಿಷಯವನ್ನು ಕೇಳಿದೊಡನೆ ಕೆಲವರು ಮೈ ತುರಿಸಿಕೊಂಡಾರು, ಕೆಲವರು ಮೂಗು ಮುರಿದಾರು. ಆದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ದೊಡ್ಡ ನಗರಗಳನ್ನು ಸೇರಿದ ನಮ್ಮಂಥವರಲ್ಲಿ, ಮೊದಲ ವರ್ಷದ ಬಾಡಿಗೆ ಕೋಣೆಯಲ್ಲಿ ಈ ಪ್ರಾಣಿಯ ಪರಿಚಯವಾಗದವರು ಎಷ್ಟು ಮಂದಿ ಇದ್ದಾರು? ಪರಿಚಯವಾಯಿತೆಂದು ಬಾಯಿಬಿಟ್ಟು ಹೇಳುವವರು ಇನ್ನೆಷ್ಟು ಮಂದಿ? ಆ ಮೌನಕ್ಕೂ ಈ ಲೇಖನಕ್ಕೂ ಸಂಬಂಧವಿದೆ. ಅದನ್ನು ಕೊನೆಯಲ್ಲಿ ನೋಡೋಣ.

ಹೆಸರಿನಿಂದಲೇ ಪ್ರಾರಂಭಿಸುವುದು ಒಳ್ಳೆಯದು. ನಮ್ಮಲ್ಲಿ ತಿಗಣೆ, ಕೆಲವೆಡೆ ತಗಣೆ, ಹಿಂದಿಯಲ್ಲಿ ಖಟ್ಮಲ್, ಮರಾಠಿಯಲ್ಲಿ ಢೇಕೂಣ. ತಮಿಳಿನ ಮೂಟ್ಟೈಪ್ಪೂಚ್ಚಿ ಎಂಬ ಹೆಸರು ನಮ್ಮ ಕಿವಿಗೆ ಮೂಟೆಯೊಡನೆ ಬರುವ ಹುಳುವೆಂದೇ ಕೇಳಿಸುತ್ತದೆ. ಅದರಲ್ಲಿ ಸುಳ್ಳೇನೂ ಇಲ್ಲ. ತೆಲುಗಿನವರು ಇದನ್ನು ನಲ್ಲಿ ಎನ್ನುತ್ತಾರೆ. ಇಲ್ಲಿ ಕನ್ನಡಿಗರಿಗೆ ಒಂದು ತೊಡಕುಂಟು. ವಿಶಾಖಪಟ್ಟಣದ ಬಂದರಿಗೋ, ಉಕ್ಕಿನ ಕಾರ್ಖಾನೆಗೋ, ನೌಕಾನೆಲೆಗೋ ಕೆಲಸಕ್ಕೆಂದು ಹೋದ ನಮ್ಮವನೊಬ್ಬ ಅಗ್ಗದ ಬಾಡಿಗೆಯನ್ನು ಹುಡುಕಿಕೊಂಡು, ಕೊತ್ತವಲಸದ ಕಡೆಯ ರೈಲುದಾರಿಯಲ್ಲಿರುವ ಪೆಂಡುರ್ತಿಗೆ ಹೋದನೆನ್ನಿ. ಮನೆಯ ಯಜಮಾನರು ಬಾಗಿಲು ತೆರೆದು ಬಹು ಅಭಿಮಾನದಿಂದ "ನಲ್ಲುಲು ಲೇವು" ಎನ್ನುತ್ತಾರೆ. ನಲ್ಲಿಯಿಲ್ಲದ ಮನೆಯಲ್ಲಿ ಸ್ನಾನಕ್ಕೇನು ಗತಿ ಎಂದು ನಮ್ಮವನಿಗೆ ಚಿಂತೆ! ನಲ್ಲಿ ಇಲ್ಲದಿರುವುದೇ ಆ ಮನೆಯ ಹೆಚ್ಚುಗಾರಿಕೆ ಎಂದು ತಿಳಿಯಲು ಒಂದೆರಡು ತಿಂಗಳ ತೆಲುಗು ಬೇಕು.

ಸಂಸ್ಕೃತದಲ್ಲಿ ಇದು ಮತ್ಕುಣ. ಪಂಚತಂತ್ರದಲ್ಲಿ ರಾಜಶಯ್ಯೆಯ ಹೇನು ಮಂದವಿಸರ್ಪಿಣಿಯ ಬಳಿಗೆ ಅತಿಥಿಯಾಗಿ ಬಂದ ಅಗ್ನಿಮುಖನೆಂಬ ಮತ್ಕುಣದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ರಾಜನು ನಿದ್ದೆಹೋಗುವ ತನಕ ಕಾಯಲಾರದೆ ಮತ್ಕುಣ ಕಚ್ಚಿತು. ಅದು ಸಂದಿಯೊಳಗೆ ನುಸುಳಿ ಪಾರಾಯಿತು. ಸಿಕ್ಕಿಬಿದ್ದು ಸತ್ತದ್ದು ಬಡಪಾಯಿ ಹೇನು. ಕಥೆಗಾರನು ಪ್ರಾಣಿಯ ಸ್ವಭಾವವನ್ನು ಚೆನ್ನಾಗಿ ಗಮನಿಸಿದ್ದನೆಂಬುದರಲ್ಲಿ ಸಂಶಯವಿಲ್ಲ. ಲಕ್ಷ್ಮಿ ಕಮಲವನ್ನೂ ಶಿವ ಹಿಮಾಲಯವನ್ನೂ ವಿಷ್ಣು ಕಡಲನ್ನೂ ಮಲಗಲು ಆರಿಸಿಕೊಂಡದ್ದು ತಿಗಣೆಯ ಅಂಜಿಕೆಯಿಂದಲೇ ಎಂದು ತಮಾಷೆ ಮಾಡುವ ಒಂದು ಚಾಟುವೂ ಪಂಡಿತರ ಬಾಯಲ್ಲಿದೆ. ದೇವತೆಗಳಿಗೇ ಹೀಗಾದರೆ ಬಾಡಿಗೆದಾರರ ಪಾಡೇನು?

ಇದರ ಪ್ರಾಚೀನತೆ ಇನ್ನೂ ದೊಡ್ಡದು. ಈಜಿಪ್ಟಿನ ಅಮರ್ನಾದಲ್ಲಿ ಕೂಲಿಗಾರರ ಕೇರಿಯನ್ನು ಅಗೆದವರಿಗೆ ಸುಮಾರು 3,300 ವರ್ಷಗಳ ಹಿಂದಿನ ತಿಗಣೆಗಳ ಅವಶೇಷಗಳು ಸಿಕ್ಕಿವೆ. ಗುಹೆಗಳಲ್ಲಿ ಬಾವಲಿಗಳ ರಕ್ತ ಹೀರುತ್ತಿದ್ದ ಕೀಟ, ಗುಹಾವಾಸಿಯಾದ ಮನುಷ್ಯನಿಗೆ ಅಂಟಿಕೊಂಡಿತೆಂದು ವಿದ್ವಾಂಸರು ಬಹುಕಾಲ ಹೇಳುತ್ತಿದ್ದರು. ತಿಗಣೆಯ ವಂಶ ಬಾವಲಿಗಳಿಗಿಂತಲೂ ಹಳೆಯದು, ಹತ್ತು ಕೋಟಿ ವರ್ಷಗಳಿಗೂ ಹಿಂದಿನದು ಎಂದು 2019ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅಂದರೆ, ಮಂಚವಂತಿರಲಿ, ಮಂಚದಲ್ಲಿ ಮಲಗುವವನೇ ಹುಟ್ಟುವ ಮೊದಲು ಇದು ಹುಟ್ಟಿತ್ತು. ಈಗ ಮನುಷ್ಯನನ್ನು ನೆಚ್ಚಿಕೊಂಡಿರುವುವು ಮುಖ್ಯವಾಗಿ ಎರಡು ಜಾತಿ. ಲಿನೇಯಸನು 1758ರಲ್ಲಿ ಹೆಸರಿಟ್ಟ ಸೈಮೆಕ್ಸ್ ಲೆಕ್ಟುಲೇರಿಯಸ್ ಹೆಚ್ಚಾಗಿ ತಂಪು ದೇಶಗಳದು; ಸೈಮೆಕ್ಸ್ ಹೆಮಿಪ್ಟೆರಸ್ ಉಷ್ಣದೇಶಗಳದು. ವಿಶಾಖಪಟ್ಟಣ, ವಿಜಯವಾಡ, ಮಂಗಳೂರು, ಮುಂಬಯಿಗಳಂಥ ಬೆಚ್ಚನೆಯ ಊರುಗಳಿಗೆ ಹೇಳಿ ಮಾಡಿಸಿದುದು ಎರಡನೆಯದು.

ಪೆಂಡುರ್ತಿಯ ಮಾತನ್ನೆತ್ತಿದುದಕ್ಕೆ ತಮಾಷೆಯಲ್ಲದ ಕಾರಣವೂ ಒಂದಿದೆ. 1953ರಲ್ಲಿ ಆಂಧ್ರ ರಾಜ್ಯವಾಗುವ ತನಕ ವಿಶಾಖಪಟ್ಟಣ ಜಿಲ್ಲೆ ಮದರಾಸು ಪ್ರಾಂತದಲ್ಲಿತ್ತು. ನಮ್ಮ ಬಳ್ಳಾರಿ, ದಕ್ಷಿಣ ಕನ್ನಡಗಳೂ ಅದೇ ಪ್ರಾಂತದವು. ತಿಗಣೆಯ ವಿಜ್ಞಾನದ ಒಂದು ಮುಖ್ಯ ಅಧ್ಯಾಯ ನಡೆದುದು ಆ ಪ್ರಾಂತದ ರಾಜಧಾನಿಯಲ್ಲಿ. ಅದು ಪ್ರಾರಂಭವಾದುದು ಒಂದು ಭಯಂಕರ ಜ್ವರದಿಂದ.

ಕಾಲಾ ಅಜಾರ್ ಎಂಬುದು ಆ ಜ್ವರ. ಗುಲ್ಮ ಊದಿ, ಮೈ ಕಪ್ಪಿಟ್ಟು, ರೋಗಿ ತಿಂಗಳುಗಟ್ಟಲೆ ಸೊರಗಿ ಸಾಯುತ್ತಿದ್ದ. ಬಂಗಾಳ ಅಸ್ಸಾಮುಗಳಲ್ಲಿ ಹಳ್ಳಿಗೆ ಹಳ್ಳಿಯೇ ಬರಿದಾದುದುಂಟು. ಅಸ್ಸಾಮಿನ ಚಹಾ ತೋಟಗಳಿಗೆ ಕೂಲಿಗಾರರನ್ನು ಒಯ್ಯುತ್ತಿದ್ದ ಜಿಲ್ಲೆಗಳಲ್ಲಿ ಗಂಜಾಂ ಮತ್ತು ವಿಶಾಖಪಟ್ಟಣಗಳೂ ಸೇರಿದ್ದುವು. ಆದ್ದರಿಂದ ಆ ಜ್ವರ ಈ ಕರಾವಳಿಯ ಬಡವರಿಗೆ ದೂರದ ಸುದ್ದಿಯಾಗಿರಲಿಲ್ಲ. 1903ರಲ್ಲಿ ಇಂಗ್ಲೆಂಡಿನಲ್ಲಿ ಲೀಶ್ಮನ್, ಮದರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ಚಾರ್ಲ್ಸ್ ಡಾನವನ್, ಒಬ್ಬರಿಂದೊಬ್ಬರು ಸ್ವತಂತ್ರವಾಗಿ ಇದರ ರೋಗಾಣುವನ್ನು ಕಂಡುಹಿಡಿದರು. ಇಬ್ಬರ ಹೆಸರನ್ನೂ ಕೂಡಿಸಿ ಅದನ್ನು ಲೀಶ್ಮೇನಿಯ ಡಾನವನಿ ಎಂದು ಕರೆದರು. ರೋಗಾಣುವೇನೋ ಸಿಕ್ಕಿತು. ಒಬ್ಬನ ಮೈಯಿಂದ ಇನ್ನೊಬ್ಬನ ಮೈಗೆ ಅದನ್ನು ಸಾಗಿಸುವ ದೂತ ಯಾರು?

ರೋಗ ಮನೆಗೆ ಅಂಟಿಕೊಂಡಿರುತ್ತದೆಂಬುದು ಎಲ್ಲರ ಅನುಭವಕ್ಕೂ ಬಂದಿತ್ತು. ಅಸ್ಸಾಮಿನ ತೋಟಗಳಲ್ಲಿ ಕೂಲಿಗಾರರ ಹಳೆಯ ಸಾಲುಮನೆಗಳನ್ನು ತೊರೆದು, ಕೆಲವು ನೂರು ಗಜ ದೂರದಲ್ಲಿ ಹೊಸ ಗುಡಿಸಲುಗಳನ್ನು ಹಾಕಿಸಿದಾಗ ಜ್ವರ ತಗ್ಗಿತು. ಮನೆಯಲ್ಲಿರುವುದು, ಹಾಸಿಗೆಯಲ್ಲಿರುವುದು, ರಾತ್ರಿ ರಕ್ತ ಹೀರುವುದು ಎಂದರೆ ಯಾರ ಮೇಲೆ ಅನುಮಾನ ಬೀಳಬೇಕು? ಮದರಾಸಿನಲ್ಲಿ ಡಬ್ಲ್ಯು. ಎಸ್. ಪ್ಯಾಟನ್ ಎಂಬ ವೈದ್ಯಾಧಿಕಾರಿ ರೋಗಿಗಳ ರಕ್ತವನ್ನು ತಿಗಣೆಗಳಿಗೆ ಕುಡಿಸಿ ಅವುಗಳ ಹೊಟ್ಟೆಯನ್ನು ಸೂಕ್ಷ್ಮದರ್ಶಕದಡಿ ನೋಡಿದರು. ರೋಗಾಣು ಅಲ್ಲಿ ಬಾಲ ಮೂಡಿಸಿಕೊಂಡು ಬೆಳೆಯುತ್ತಿರುವುದು ಕಂಡಿತು. 1907ರಲ್ಲಿ ಅವರು ತಮ್ಮ ವರದಿಯನ್ನು ಪ್ರಕಟಿಸಿದರು. ಅಪರಾಧಿ ಸಿಕ್ಕಿದನೆಂದೇ ಬಹುಮಂದಿ ಭಾವಿಸಿದರು.

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ತಿಗಣೆ ಈ ಕಟಕಟೆಯಲ್ಲಿ ನಿಂತಿತ್ತು. ಕೂನೂರಿನ ಪಾಸ್ತರ್ ಸಂಸ್ಥೆಯಲ್ಲಿ ಕಾರ್ನ್‌ವಾಲ್ ಮತ್ತಿತರರು ಪರೀಕ್ಷೆಗಳನ್ನು ಮುಂದುವರಿಸಿದರು. ಹೊಟ್ಟೆಯಲ್ಲಿ ರೋಗಾಣು ಬೆಳೆಯುವುದು ನಿಜ, ಆದರೆ ತಿಗಣೆ ಕಚ್ಚಿದುದರಿಂದ ಒಬ್ಬನಿಗೆ ಜ್ವರ ಬಂದಿತೆಂಬ ಸಾಕ್ಷ್ಯ ಎಂದೂ ದೊರೆಯಲಿಲ್ಲ. 1924ರ ಸುಮಾರಿಗೆ ಅನುಮಾನ ಮರಳುನೊಣದ ಕಡೆಗೆ ತಿರುಗಿತು. ರೋಗವಿರುವ ಪ್ರದೇಶದ ನಕ್ಷೆಯೂ ಆ ನೊಣವಿರುವ ಪ್ರದೇಶದ ನಕ್ಷೆಯೂ ಹೊಂದುತ್ತವೆಂದು ಸಿಂಟನ್ ತೋರಿಸಿದರು. ಆದರೂ ಕಚ್ಚಿಸಿ ನೋಡಿದಾಗ ರೋಗ ಬರಲೊಲ್ಲದು. ಕೊನೆಗೆ, ರಕ್ತ ಕುಡಿದ ನೊಣಕ್ಕೆ ಮೇಲೊಂದಿಷ್ಟು ಒಣದ್ರಾಕ್ಷಿಯನ್ನು ತಿನ್ನಿಸಿದರೆ ಅದರ ಹೊಟ್ಟೆಯಲ್ಲಿ ರೋಗಾಣು ಹುಲುಸಾಗಿ ಬೆಳೆಯುತ್ತದೆಂಬ ಗುಟ್ಟು ಹೊರಬಿದ್ದಿತು. 1942ರಲ್ಲಿ ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ಎಂಬ ಮೂವರು, ಸ್ವಇಚ್ಛೆಯಿಂದ ಮುಂದೆ ಬಂದ ಐವರಿಗೆ ಅಂಥ ನೊಣಗಳಿಂದ ಕಚ್ಚಿಸಿ ಜ್ವರ ಬಂದುದನ್ನು ತೋರಿಸಿದರು. ಮರಳುನೊಣ ಬಹುದೂರ ಹಾರಲಾರದು; ಗುಡಿಸಲನ್ನು ಕೆಲವು ನೂರು ಗಜ ಸರಿಸಿದರೆ ಜ್ವರ ತಗ್ಗುತ್ತಿದ್ದ ರಹಸ್ಯವೂ ಹೀಗೆ ಬಿಡಿಸಿಕೊಂಡಿತು. ತಿಗಣೆಗೆ ಖುಲಾಸೆಯಾಯಿತು.

ಈ ತೀರ್ಪು ಇಂದಿಗೂ ನಿಂತಿದೆ. ತಿಗಣೆಯ ಹೊಟ್ಟೆಯಲ್ಲಿ ಅನೇಕ ರೋಗಾಣುಗಳು ಕೆಲಕಾಲ ಬದುಕಬಲ್ಲುವಾದರೂ, ನಿತ್ಯದ ಬಾಳಿನಲ್ಲಿ ಅದು ಮನುಷ್ಯನಿಗೆ ಒಂದು ರೋಗವನ್ನು ತಂದು ಅಂಟಿಸುತ್ತದೆಂದು ಸಿದ್ಧವಾಗಿಲ್ಲ. ತುರಿಕೆ, ತುರಿಸಿದ ಗಾಯ ಕೀವಾಗುವುದು, ಕಾಟ ವಿಪರೀತವಾದಲ್ಲಿ ಮಕ್ಕಳಿಗೆ ರಕ್ತಹೀನತೆ, ಎಲ್ಲಕ್ಕಿಂತ ಹೆಚ್ಚಾಗಿ ನಿದ್ದೆಗೇಡು: ಇವಿಷ್ಟೇ ಅದರ ಅಪರಾಧಗಳು. ದಿನವಿಡೀ ದುಡಿದವನಿಗೆ ನಿದ್ದೆಗೇಡು ಸಣ್ಣ ಶಿಕ್ಷೆಯಲ್ಲ ಎಂಬುದನ್ನೂ ಒಪ್ಪಬೇಕು.

ಸುಳ್ಳು ಅನುಮಾನದ ಬೆನ್ನುಹತ್ತಿ ಹೋದವರಿಂದಲೇ ಒಂದು ದೊಡ್ಡ ಸತ್ಯವೂ ದೊರೆಯಿತು. 1899ರಲ್ಲಿ ಮದರಾಸಿನ ಗಿಂಡಿಯಲ್ಲಿ ಸ್ಥಾಪನೆಯಾದ ಕಿಂಗ್ ಸಂಸ್ಥೆಯಲ್ಲಿ ಪ್ಯಾಟನ್ನರ ಜೊತೆಗಾರರಾಗಿದ್ದವರು ಎಫ್. ಡಬ್ಲ್ಯು. ಕ್ರಾಗ್. ರೋಗ ತರುವ ಕೀಟಗಳನ್ನು ಕುರಿತು ಇಬ್ಬರೂ ಕೂಡಿ ಬರೆದ ದೊಡ್ಡ ಪಠ್ಯಗ್ರಂಥ 1913ರಲ್ಲಿ ಪ್ರಕಟವಾಯಿತು. ಆಮೇಲೆ ಕ್ರಾಗ್ ತಿಗಣೆಯ ಸಂತಾನೋತ್ಪತ್ತಿಯನ್ನೇ ಹಿಡಿದು ಕೂತರು. 1915, 1920, 1923ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ಎಂಬ ಪತ್ರಿಕೆಯಲ್ಲಿ ಬಂದ ಅವರ ಲೇಖನಗಳನ್ನು ಕೀಟಶಾಸ್ತ್ರಜ್ಞರು ಈಗಲೂ ಸ್ಮರಿಸುತ್ತಾರೆ.

ಅವರು ಬೆನ್ನಟ್ಟಿದ ವಿಷಯ ಬಹು ವಿಚಿತ್ರವಾದುದು. ಹೆಣ್ಣು ತಿಗಣೆಗೆ ಮೊಟ್ಟೆಯಿಡುವ ದಾರಿ ಇದೆ, ಆದರೆ ಗಂಡು ಆ ದಾರಿಯನ್ನು ಮುಟ್ಟುವುದೇ ಇಲ್ಲ. ಕುಡುಗೋಲಿನಂತೆ ಬಾಗಿದ ತನ್ನ ಅಂಗದಿಂದ ಹೆಣ್ಣಿನ ಹೊಟ್ಟೆಯ ಅಡಿಭಾಗದಲ್ಲಿ, ಬಲಮಗ್ಗುಲಿಗೆ, ಚರ್ಮವನ್ನು ತಿವಿದು ವೀರ್ಯವನ್ನು ಒಳಗೆ ಸೇರಿಸುತ್ತದೆ. ತಿವಿತ ಬೀಳುವ ಆ ಜಾಗದಲ್ಲಿ ಹೆಣ್ಣಿಗೆ ಒಂದು ಸಣ್ಣ ಕಚ್ಚೂ ಅದರ ಒಳಗೆ ಮೆತ್ತನೆಯ ಒಂದು ಚೀಲವೂ ಇವೆ. ಇಟಲಿಯ ಕೀಟಶಾಸ್ತ್ರಜ್ಞ ಬರ್ಲೀಸೆಯ ಹೆಸರಿನಿಂದ ಇದನ್ನು ಬರ್ಲೀಸೆಯ ಅಂಗವೆಂದು ಕರೆಯುತ್ತಿದ್ದರು. ಅಲ್ಲಿಂದ ವೀರ್ಯಾಣುಗಳು ಮೈಯೊಳಗಿನ ದ್ರವದಲ್ಲಿ ಈಜಿ, ಗಂಟೆಗಟ್ಟಲೆ ಪ್ರಯಾಣ ಮಾಡಿ, ಗರ್ಭನಾಳಗಳ ಬುಡದಲ್ಲಿರುವ ಪುಟ್ಟ ಕೋಶಗಳನ್ನು ಸೇರುತ್ತವೆ. ಅಲ್ಲಿಂದ ನಾಳದ ಗೋಡೆಯೊಳಗಿನಿಂದಲೇ ಮೇಲೇರಿ ಮೊಟ್ಟೆಗಳನ್ನು ಮುಟ್ಟುತ್ತವೆ. ಈ ಪ್ರಯಾಣವನ್ನು ಹೆಜ್ಜೆಹೆಜ್ಜೆಗೂ ಹಿಂಬಾಲಿಸಿದವರಲ್ಲಿ ಕ್ರಾಗ್ ಪ್ರಮುಖರು. ಬೇರೆ ಬೇರೆ ಹೊತ್ತಿನಲ್ಲಿ ಹೆಣ್ಣುಗಳನ್ನು ಸೀಳಿ, ತೆಳುವಾದ ಪದರಗಳಾಗಿ ಕೊಯ್ದು ನೋಡಬೇಕಾದ ಆ ಕೆಲಸಕ್ಕೆ ಎಂಥ ತಾಳ್ಮೆ ಬೇಕೆಂಬುದನ್ನು ಊಹಿಸಿಕೊಳ್ಳಬಹುದು. ಇದೇ ಕ್ರಾಗ್ ಮುಂದೆ ಟೈಫಸ್ ಜ್ವರದ ಸಂಶೋಧನೆಯಲ್ಲಿ ತೊಡಗಿದ್ದಾಗ ಅದೇ ಜ್ವರ ತಗುಲಿ 1924ರಲ್ಲಿ ತೀರಿಕೊಂಡರು. ಹುಳುಹುಪ್ಪಟೆಗಳ ಅಭ್ಯಾಸವೆಂದು ನಗುವವರು ಈ ಸಾವನ್ನು ನೆನೆಯಬೇಕು.

ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ವಾರಗಟ್ಟಲೆ ಕಾಪಿಟ್ಟುಕೊಂಡು ಮೊಟ್ಟೆಯಿಡುತ್ತ ಹೋಗಬಲ್ಲುದು. ಪದೇ ಪದೇ ತಿವಿತಕ್ಕೆ ಗುರಿಯಾದ ಹೆಣ್ಣಿನ ಆಯುಸ್ಸು ಕುಗ್ಗುತ್ತದೆಂದು ಇಂಗ್ಲೆಂಡಿನ ಸಂಶೋಧಕರು 2001ರಲ್ಲಿ ತೋರಿಸಿದರು. ಗಂಡುಗಳ ಕಾಟ ತಾಳದೆ ಫಲಿತವಾದ ಹೆಣ್ಣು ಗುಂಪನ್ನು ಬಿಟ್ಟು ಸರಿಯುವುದೂ ಕಂಡುಬಂದಿದೆ. ಈ ಸಣ್ಣ ಸಂಗತಿಯ ಅರ್ಥವನ್ನು ಮನೆವಂತರು ಮನಸ್ಸಿಗೆ ತಂದುಕೊಳ್ಳಬೇಕು. ರೈಲಿನ ಸೀಟಿನಿಂದ, ಹಳೆಯ ಕುರ್ಚಿಯಿಂದ, ನೆಂಟರ ಹಾಸಿಗೆ ಸುರುಳಿಯಿಂದ ಮನೆಗೆ ಬಂದಿಳಿಯುವುದು ಅಂಥ ಒಂದು ಹೆಣ್ಣಾದರೂ ಸಾಕು, ಸಂಸಾರ ಬೆಳೆಯುತ್ತದೆ. ಗಂಡು ಬೇಕಾದಾಗ ಅದರ ಮಕ್ಕಳೇ ಇರುತ್ತಾರೆ.

ಈ ಸಂಸಾರದ ಪಂಚಾಂಗ ಹೀಗಿದೆ. ಹೊಟ್ಟೆತುಂಬ ಆಹಾರ ಸಿಕ್ಕಿದ ಹೆಣ್ಣು ದಿನಕ್ಕೆ ಒಂದರಿಂದ ನಾಲ್ಕೈದರಂತೆ, ಅನುಕೂಲವಿದ್ದರೆ ಜೀವಮಾನದಲ್ಲಿ ನೂರರಿಂದ ಇನ್ನೂರು ಮೊಟ್ಟೆಗಳನ್ನಿಡುತ್ತದೆ. ಒಂದೊಂದೂ ಒಂದು ಮಿಲಿಮೀಟರ್ ಉದ್ದದ ಬಿಳಿಯ ಕಾಳು, ತಲೆಗೆ ಮುಚ್ಚಳ. ಮಂಚದ ಬಿರುಕಿನಲ್ಲೋ, ಗೋಡೆಗೆ ತೂಗಿದ ದೇವರ ಪಟದ ಹಿಂದೆಯೋ, ಕ್ಯಾಲೆಂಡರಿನ ಮಡಿಕೆಯಲ್ಲೋ ಅವನ್ನು ಅಂಟಿಸಿಬಿಡುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ವಾರ ಹತ್ತು ದಿನಗಳಲ್ಲಿ ಮೊಟ್ಟೆಯೊಡೆದು, ಕಣ್ಣಿಗೆ ಕಂಡೂ ಕಾಣದ ಒಣಹುಲ್ಲಿನ ಬಣ್ಣದ ಮರಿ ಹೊರಬರುತ್ತದೆ. ಅದು ದೊಡ್ಡದಾಗುವ ತನಕ ಐದು ಸಲ ಪೊರೆ ಕಳಚಬೇಕು. ಒಂದೊಂದು ಪೊರೆಗೂ ಮೊದಲು ಒಂದು ಹೊಟ್ಟೆ ರಕ್ತ ಕುಡಿಯಲೇಬೇಕು. ಹೀಗೆ ಮೊಟ್ಟೆಯಿಂದ ಪ್ರಾಯಕ್ಕೆ ಬರಲು ಬೇಸಗೆಯಲ್ಲಿ ಐದಾರು ವಾರ ಸಾಕು. ಬರಿಯ ರಕ್ತದ ಮೇಲೆ ಬದುಕುವ ಪ್ರಾಣಿಗೆ ಕೆಲವು ಜೀವಸತ್ವಗಳ ಕೊರತೆಯಾಗಬೇಕಲ್ಲವೆ? ಅದರ ಮೈಯೊಳಗೆ ಮನೆಮಾಡಿರುವ ವೊಲ್ಬೇಕಿಯ ಎಂಬ ಬ್ಯಾಕ್ಟೀರಿಯ ಬಿ ಜೀವಸತ್ವಗಳನ್ನು ಒದಗಿಸುತ್ತದೆ. ತಾಯಿಯಿಂದ ಮೊಟ್ಟೆಗೆ ಇಳಿದು ಬರುವ ಬಳುವಳಿಯದು. ಊಟ ಸಿಗದಿದ್ದರೂ ದೊಡ್ಡ ತಿಗಣೆ ತಿಂಗಳುಗಟ್ಟಲೆ ಉಪವಾಸವಿರಬಲ್ಲುದು. ಬೇಸಗೆ ರಜೆಗೆ ಮನೆ ಬೀಗ ಹಾಕಿ ಊರಿಗೆ ಹೋಗಿಬಂದರೆ ತಿಗಣೆ ಹಸಿದು ಸತ್ತಿರುತ್ತದೆಂದು ನಂಬುವವರು ಇದನ್ನು ಗಮನಿಸಬೇಕು. ಅದು ಸತ್ತಿರುವುದಿಲ್ಲ, ಹಸಿದಿರುತ್ತದೆ.

ಇಷ್ಟೆಲ್ಲ ಪತ್ರಿಕೆಗಳಲ್ಲಿ ಅಚ್ಚಾಗಿದ್ದರೂ ಮನೆಗಳಿಗೆ ಇದರ ಪ್ರಯೋಜನ ತಲುಪಲಿಲ್ಲ. ಅಷ್ಟರಲ್ಲಿ ಡಿ.ಡಿ.ಟಿ. ಬಂದಿತು. 1939ರಲ್ಲಿ ಅದರ ಕೀಟನಾಶಕ ಗುಣವನ್ನು ಕಂಡುಹಿಡಿದ ಪಾಲ್ ಮುಲ್ಲರ್ 1948ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಭಾರತದ ಹಳ್ಳಿಗಳಲ್ಲಿ ಮನೆಗಳ ಒಳಗೋಡೆಗೆ ಇದನ್ನು ಸಿಂಪಡಿಸಿ ಮಲೇರಿಯವನ್ನು ತಡೆಯುವ ದೊಡ್ಡ ಪ್ರಯತ್ನಗಳಲ್ಲಿ ಮೊದಮೊದಲಿನದು ನಡೆದುದು ಕನ್ನಡ ನಾಡಿನಲ್ಲಿಯೇ. 1946ರಲ್ಲಿ, ಆಗ ಮುಂಬಯಿ ಪ್ರಾಂತದಲ್ಲಿದ್ದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ, ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಅದನ್ನು ಕೈಗೊಂಡರು. 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಯೋಜನೆ, 1958ರಲ್ಲಿ ನಿರ್ಮೂಲನ ಯೋಜನೆ ಬಂದು ದೇಶದ ಉದ್ದಗಲಕ್ಕೂ ಡಿ.ಡಿ.ಟಿ.ಯ ಸಿಂಪರಣೆಯಾಯಿತು.

ಸೊಳ್ಳೆಗೆಂದು ಹೊಡೆದ ಔಷಧಕ್ಕೆ ಮೊದಲು ತಿಗಣೆಯೂ ಸತ್ತಿತು. ಸತ್ತ ಸೊಳ್ಳೆ ಯಾರ ಕಣ್ಣಿಗೂ ಬೀಳದು. ಕೆಳಗುದುರಿದ ತಿಗಣೆಯನ್ನು ಎಲ್ಲರೂ ನೋಡಿದರು. ಔಷಧದವರು ಬಂದರೆ ಜನರು ಸಂತೋಷದಿಂದ ಬಾಗಿಲು ತೆರೆದುದಕ್ಕೆ ಅದೂ ಒಂದು ಕಾರಣ. ಆದರೆ ಔಷಧವನ್ನು ತಾಳಿಕೊಂಡ ಕೆಲವೇ ತಿಗಣೆಗಳು ಉಳಿದು, ಅವುಗಳ ಸಂತಾನವೇ ಬೆಳೆಯಿತು. 1947ರಲ್ಲಿಯೇ ಹವಾಯಿಯ ಪರ್ಲ್ ಹಾರ್ಬರಿನ ಸೈನಿಕ ವಸತಿಗಳಲ್ಲಿ ಡಿ.ಡಿ.ಟಿ.ಗೆ ಜಗ್ಗದ ತಿಗಣೆ ಕಂಡುಬಂದಿತ್ತು. ನಮ್ಮಲ್ಲಿಯೂ ಅದೇ ಆಯಿತು. ತಿಗಣೆ ಸಾಯದ ಔಷಧ ಔಷಧವೇ ಅಲ್ಲವೆಂದು ಎಷ್ಟೋ ಕಡೆ ಜನರು ಸಿಂಪರಣೆಯವರನ್ನು ಬಾಗಿಲಿನಿಂದಲೇ ಕಳಿಸಿದರು. ಮಲೇರಿಯದ ಹೋರಾಟಕ್ಕೆ ತಿಗಣೆ ಹೀಗೆ ಅಡ್ಡಬಂದಿತು. ಮುಂದೆ ಬಂದ ಬೇರೆ ಬೇರೆ ಔಷಧಗಳ ಕಥೆಯೂ ಇದೇ. ಪೈರೆಥ್ರಾಯ್ಡ್ ಎಂಬ ಈಚಿನ ಔಷಧಗಳನ್ನೂ ಜಯಿಸಿದ ತಿಗಣೆ, 1990ರ ದಶಕದ ಕೊನೆಯಿಂದ ಲಂಡನ್ನು, ನ್ಯೂಯಾರ್ಕುಗಳ ಐಶ್ವರ್ಯವಂತರ ಹೋಟೆಲುಗಳಿಗೂ ಮರಳಿ ಬಂದಿದೆ. 2023ರಲ್ಲಿ ಪ್ಯಾರಿಸ್ ನಗರವೇ ಗಾಬರಿಗೊಂಡುದನ್ನು ಓದುಗರು ಮರೆತಿರಲಾರರು.

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದೇನು? ವಿಷವನ್ನು ನಂಬಿದವರು ಸೋತಿದ್ದಾರೆ. ಪಂಚಾಂಗವನ್ನು ನೋಡಿದವರು ಬಹುಮಟ್ಟಿಗೆ ಗೆದ್ದಿದ್ದಾರೆ. ಅನೇಕ ಔಷಧಗಳು ಮೊಟ್ಟೆಯ ಚಿಪ್ಪನ್ನು ದಾಟಲಾರವು. ಇಂದು ಎಲ್ಲ ಸತ್ತುವೆಂದು ನೆಮ್ಮದಿಯಿಂದ ಮಲಗಿದವನಿಗೆ ಹತ್ತು ದಿನಗಳ ಮೇಲೆ ಮರಿಗಳ ಕಾಟ ಏಳುತ್ತದೆ. ಆದ್ದರಿಂದ ಮೊದಲ ಶುದ್ಧಿಯಾದ ಎರಡು ವಾರಕ್ಕೆ, ಅಂದರೆ ಮೊಟ್ಟೆಗಳೆಲ್ಲ ಒಡೆದು ಮರಿಗಳಿನ್ನೂ ಮೊಟ್ಟೆಯಿಡುವ ಪ್ರಾಯಕ್ಕೆ ಬರುವ ಮೊದಲು, ಇನ್ನೊಂದು ಸಲ, ನಾಲ್ಕು ವಾರಕ್ಕೆ ಮತ್ತೊಂದು ಸಲ ಅದೇ ಕೆಲಸವನ್ನು ಮಾಡಬೇಕು. ಕುದಿನೀರನ್ನು ಮಂಚದ ಸಂದಿಗೆ ಹೊಯ್ಯುತ್ತಿದ್ದ ನಮ್ಮ ಅಜ್ಜಿಯರ ಉಪಾಯವೂ ಸರಿಯಾದುದೇ. 50ರಿಂದ 55 ಡಿಗ್ರಿ ಬಿಸಿ ಸಾಕಷ್ಟು ಹೊತ್ತು ತಾಗಿದರೆ ಮೊಟ್ಟೆಯೂ ಉಳಿಯದು. ಬರಿಯ ಬಿಸಿಲಿಗೆ ಹಾಕಿದರೆ ಹುಳು ನೆರಳಿನ ಮಗ್ಗುಲಿಗೆ ಸರಿದುಕೊಳ್ಳುತ್ತದೆ, ಅಷ್ಟೆ. ಮಂಚವನ್ನು ಗೋಡೆಯಿಂದ ದೂರವಿಟ್ಟು ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುವುದು, ಬಿರುಕುಗಳನ್ನು ಮುಚ್ಚುವುದು, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯುವುದು, ಇವಕ್ಕೆ ಖರ್ಚು ಕಡಿಮೆ, ತಾಳ್ಮೆ ಹೆಚ್ಚು. ಬಲ್ಲವರನ್ನು ಕೇಳದೆ ಹೊಲಕ್ಕೆ ಹೊಡೆಯುವ ವಿಷವನ್ನು ತಂದು ಮಕ್ಕಳು ಮಲಗುವ ಕೋಣೆಗೆ ಹೊಡೆಯುವುದು, ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿಯಿಟ್ಟಂತೆ.

ಇನ್ನು ಆ ಮೌನದ ಮಾತು. ನಗರಗಳ ಸಾಲುಮನೆಗಳಲ್ಲಿ, ವಿದ್ಯಾರ್ಥಿ ನಿಲಯಗಳಲ್ಲಿ, ಹೋಟೆಲ್ ಹುಡುಗರು ಸಾಲಾಗಿ ಮಲಗುವ ಅಟ್ಟಗಳಲ್ಲಿ ತಿಗಣೆ ಕಾಣಿಸಿತೆಂದರೆ ಎಲ್ಲರ ಕಣ್ಣೂ ಕೊನೆಗೆ ಬಂದು ಸೇರಿದವನ ಟ್ರಂಕಿನ ಮೇಲೆ. ಹೊಸಬ, ಹೊರಗಿನವ, ಬಡವ, ಬೇರೆ ಭಾಷೆಯವ, ಯಾರಾದರೂ ಆದೀತು. ಕನ್ನಡಿಗರು ಪರ ಊರಿನಲ್ಲಿ ಈ ಮಾತನ್ನು ಕೇಳಿಸಿಕೊಂಡಿದ್ದಾರೆ; ನಮ್ಮ ಊರಿಗೆ ಬಂದವರಿಗೆ ನಾವು ಇದೇ ಮಾತನ್ನು ಹೇಳಿಯೂ ಇದ್ದೇವೆ. ಮಾತಿಗೆ ಹೆದರಿದವನು ಕಚ್ಚಿದ ಗುರುತನ್ನು ಸೊಳ್ಳೆಯ ತಲೆಗೆ ಕಟ್ಟಿ ಸುಮ್ಮನಿರುತ್ತಾನೆ. ಅವನು ಸುಮ್ಮನಿರುವ ಐದಾರು ವಾರಗಳಲ್ಲಿ ಒಂದು ತಲೆಮಾರು ಪ್ರಾಯಕ್ಕೆ ಬಂದು ಗೋಡೆಯಾಚೆಯ ಮನೆಗೂ ಹೊರಡುತ್ತದೆ. ತಿಗಣೆಗೆ ಕೊಳಕು ಬೇಕಿಲ್ಲ. ಅದಕ್ಕೆ ಬೇಕಾದುದು ಒಂದು ಸಂದಿ, ಮಲಗುವ ಒಬ್ಬ ಮನುಷ್ಯ. ಅರಮನೆಯಲ್ಲಿಯೂ ಇವೆರಡೂ ಇರುತ್ತವೆಂಬುದನ್ನು ಪಂಚತಂತ್ರವೇ ಹೇಳಿದೆ.

ತಪ್ಪಿಲ್ಲದ ಹುಳುವಿನ ಮೇಲೆ ಜ್ವರದ ಆರೋಪ ಹೊರಿಸಿದವರು ಮೂವತ್ತು ವರ್ಷ ಪರೀಕ್ಷಿಸಿ ಆರೋಪವನ್ನು ಹಿಂದಕ್ಕೆ ತೆಗೆದುಕೊಂಡರು. ನೆರೆಮನೆಯವನ ಮೇಲೆ ನಾವು ಹೊರಿಸುವ ಆರೋಪಕ್ಕೆ ಅಷ್ಟು ಪರೀಕ್ಷೆಯೂ ಇಲ್ಲ. ಮನೆಯಲ್ಲಿ ತಿಗಣೆ ಕಂಡವರು ನಾಚದೆ ಅಕ್ಕಪಕ್ಕದವರಿಗೆ ತಿಳಿಸಲಿ. ತಿಳಿಸಿಕೊಂಡವರು ದೂರದೆ ತಮ್ಮ ಮಂಚವನ್ನೂ ಬಿಚ್ಚಿ ನೋಡಲಿ. ಸಾಲಿನ ಎಲ್ಲ ಮನೆಗಳೂ ಒಂದೇ ದಿನ ಕೆಲಸಕ್ಕೆ ತೊಡಗಿ, ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ವಾರದ ಮುಂದಿನ ತಾರೀಕಿಗೊಂದು, ನಾಲ್ಕು ವಾರದ ಮುಂದಿನ ತಾರೀಕಿಗೊಂದು ಗುರುತು ಹಾಕಿಕೊಳ್ಳಲಿ. ಗುರುತು ಹಾಕುವಾಗ ಕ್ಯಾಲೆಂಡರಿನ ಹಿಂಬದಿಯನ್ನೂ ಒಮ್ಮೆ ತಿರುಗಿಸಿ ನೋಡುವುದನ್ನು ಮರೆಯಬಾರದು.